ಬಾಗಿಲಿಗಿಟ್ಟ ಜಾಲಿಮುಳ್ಳು

ಹರಪನಹಳ್ಳಿ ತಾಲ್ಲೂಕು
೧೧ ಫೆಬ್ರುವರಿ ೨೦೨೫, ಮಂಗಳವಾರ

ಪ್ರೀತಿಯ ದ್ಯಾಮಕ್ಕನಿಗೆ,

ಶೈಲಾ ಮಾಡುವ ನಮಸ್ಕಾರ. ಹಿರೇಹಡಗಲಿ ಕಡೆಯ ಹೊಲಗಳಲ್ಲಿ ಕುರಿ ನಿಲ್ಲಿಸಿಕೊಂಡು ನೀನೂ ಮಗಳು ಶೃತಿಯೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ಬೇರೇನೋ ಮಾತಾಡಿ ಫೋನ್ ಇಟ್ಟುಬಿಡುತ್ತೇನೆ. ಟೆಂಪೊ ತಿಪ್ಪೇಶನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಶೃತಿ ಓದಿ ಹೇಳಲಿ. ಅಕ್ಷರ ಸೊಟ್ಟಗಿದೆಯೆಂದು ನಗಬೇಡಿ. ಅಡುಗೆಮನೆಯಲ್ಲಿ ಏನೋ ಚುಚ್ಚಿ ಬಲಗೈ ಬೆರಳು ಬಾತಿದೆ.

ನಮ್ಮ ಗುಡ್ಡಕ್ಕೆ ಗಾಳಿಯಂತ್ರ ಬರುವುದು ಖಚಿತವಾಯಿತು. ಕಂಪನಿಯವರು ಸುತ್ತ ಬೇಲಿ ಹಾಕುತ್ತಾರೆ. ಪಟ್ಟಿಯಲ್ಲಿರುವ ಪ್ರತಿ ಮನೆಗೆ ಒಂದು ಕೆಲಸ, ಜೊತೆಗೆ ಬೇಲಿಯೊಳಗೆ ಮೇಯಿಸುವ ಹಕ್ಕು. ಪಟ್ಟಿಯಲ್ಲಿ ಇಲ್ಲದವರಿಗೆ ಎರಡೂ ಇಲ್ಲ. ಗಾಳಿ ಊರಿಗೆಲ್ಲ ಒಂದೇ ಸಮ ಬೀಸುತ್ತದೆ, ಅದರ ಪಾಲು ಮಾತ್ರ ಹೆಸರು ಕೇಳಿಕೊಂಡು ಬರುತ್ತದೆ.

ಮನೆ ಮನೆ ತಿರುಗಿ ಬರೆದುಕೊಳ್ಳುವ ಕೆಲಸ ನಮ್ಮ ಮಹಿಳಾ ಸಂಘಕ್ಕೆ ಬಂತು, ಸಂಘದಿಂದ ನನ್ನ ತಲೆಗೆ. ಕುರಿ ಹೊಡೆದುಕೊಂಡು ಹೋಗುವಾಗ ನಿಮ್ಮ ಕೇರಿಯವರು ಬೀಗ ಹಾಕುವುದಿಲ್ಲ, ಬಾಗಿಲಿಗೆ ಜಾಲಿಮುಳ್ಳು ಅಡ್ಡ ಇಡುತ್ತಾರೆ. ಮುಳ್ಳಿದ್ದರೆ ಮನೆಯವರು ಮಳೆಗಾಲಕ್ಕೆ ಬರುತ್ತಾರೆಂದು ಅರ್ಥ. ಪಟ್ಟಿ ಮಾಡಿಸುವ ಅಧಿಕಾರಿ ಈ ಕಡೆಯವರೇ. “ಮುಳ್ಳು ಇಟ್ಟ ಮನಿ ಬಿಡಬ್ಯಾಡ್ರಿ, ಅದು ಪಾಳು ಮನಿ ಅಲ್ಲ. ಬಾಗಿಲದ್ದೊಂದು ಫೋಟೊ ಹಚ್ಚಿ ಕೊಡ್ರಿ” ಎಂದು ಮೊದಲೇ ಹೇಳಿದ್ದರು.

ಕಳೆದ ವಾರ ನಾನು ನಿಮ್ಮ ಕೇರಿಗೆ ಬಂದಾಗ ಯಾವ ಬಾಗಿಲಲ್ಲೂ ಮುಳ್ಳು ಇರಲಿಲ್ಲ. ಈ ಸಲದ ಗಾಳಿಗೆ ಹಾರಿಹೋಗಿರಬೇಕು. ನಿಯಮದಂತೆ ಎಲ್ಲವನ್ನೂ ಪಾಳು ಎಂದು ಬರೆದೆ. ತಪ್ಪಾಯಿತು, ಅಕ್ಕ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಗ್ರಾಮಸಭೆ. ಅಲ್ಲಿ ಒಪ್ಪಿಗೆಯಾದ ಮೇಲೆ ಪಟ್ಟಿಗೆ ಒಂದು ಹೆಸರೂ ಸೇರುವುದಿಲ್ಲ. ಕುರಿಗಳನ್ನು ಯಾರಿಗಾದರೂ ಒಪ್ಪಿಸಿ, ಕೇರಿಯವರನ್ನೆಲ್ಲ ಕರೆದುಕೊಂಡು, ರೇಷನ್ ಕಾರ್ಡು ಹಿಡಿದು ಬಂದುಬಿಡು.

ನನ್ನ ಮಗಳು ಭೂಮಿಕಾ ಹುಟ್ಟಿದಾಗ ನನಗೆ ಹಾಲಿರಲಿಲ್ಲ. ನಸುಕಿಗೇ ಆಡಿನ ಹಾಲು ತಂದು, “ಕೂಸು ಅಳಾಕತ್ತೈತಿ, ಮೊದ್ಲು ಕುಡಿಸು, ಆಮ್ಯಾಲೆ ಮಾತಾಡು” ಎಂದವಳು ನೀನು. ಶೃತಿ ಐಟಿಐನಲ್ಲಿ ವೈರಿಂಗ್ ಕಲಿತು ಬಂದ ದಿನ ಗುಡ್ಡ ತೋರಿಸಿ, “ಆ ಯಂತ್ರದ ತುದಿಗೆ ನಾನಾ ಹತ್ತಾಕಿ, ಚಿಗವ್ವ” ಎಂದಿದ್ದಳು.

ನಮ್ಮ ಮನೆಯವರಿಗೆ ಈ ಕಾಗದದ ವಿಷಯ ಗೊತ್ತಿಲ್ಲ. ಬಾಯಿ ಬಿಡಬೇಡವೆಂದು ತಿಪ್ಪೇಶನಿಗೂ ಹೇಳಿಡು.

ನಿನ್ನ ತಂಗಿಯಂಥವಳು,
ಶೈಲಾ

ಮರುಬರಹ: ಶೃತಿ, ಇದನ್ನೂ ಅವ್ವನಿಗೆ ಓದಿ ಹೇಳು, ನುಂಗಬೇಡ. ಗಾಳಿಗೆ ಯಾವ ಮುಳ್ಳೂ ಹಾರಲಿಲ್ಲ. “ನಾಕು ತಿಂಗ್ಳು ಊರಾಗ ಇರೋರ್ಗೆ ಎಂಥಾ ಪಾಲು? ಅವ್ರು ಬಿಟ್ಟ ಕೆಲ್ಸ ನಮ್ಮ ಬಸವೇಶಗ ಬರ್ತೈತಿ” ಎಂದು ನಮ್ಮವರು ತಮ್ಮನಿಗಾಗಿ ಹಟ ಹಿಡಿದರು. ನಾನು ಹೂಂ ಅಂದೆ. ಫೋಟೊ ತೆಗೆಯುವ ಮೊದಲು ಒಂದೊಂದೇ ಬಾಗಿಲಿನ ಮುಳ್ಳು ಎಳೆದು ತಿಪ್ಪೆಗೆ ಎಸೆದವಳು ನಾನೇ. ಬೆರಳಲ್ಲಿ ಮುರಿದು ಕೂತಿರುವುದು ನಿಮ್ಮ ಬಾಗಿಲಿನದು. ಸಭೆಯಲ್ಲಿ ಈ ಕಾಗದ ಗಟ್ಟಿಯಾಗಿ ಓದು. ನಮ್ಮವರ ಮುಖ ನೋಡಿ ನಾನು ಇದೆಲ್ಲ ಸುಳ್ಳೆಂದರೂ ಓದುವುದನ್ನು ನಿಲ್ಲಿಸಬೇಡ.