ರಂಜಿನಿಯ ಬಾಡಿಗೆ ವಿಳಾಸ ತೋರಿಸಿಕೊಟ್ಟವರಿಗೆ

ನಮ್ಮ ಬ್ಯಾಂಕ್ ಕಾಗದಗಳನ್ನೆಲ್ಲ ಆನ್‌ಲೈನಿನಲ್ಲಿ ತುಂಬಿಸಿಕೊಂಡು ಬಾಗಿಲು ಹಾಕುವುದನ್ನು ಮರೆತಿರುವ ಮಾನ್ಯ ಅಧಿಕಾರಿಗಳೇ,

ಖರ್ಚಿನ ಬಾಬ್ತು ಮೊದಲೇ ಹೇಳಿಬಿಡುತ್ತೇನೆ. ಹೊಳೆನರಸೀಪುರದ ಮನೆಗೆ ಕೊಟ್ಟಿದ್ದ ಮುಂಗಡ ಮೂವತ್ತು ಸಾವಿರ. ನಿಂತ ಕಾಲಲ್ಲಿ ಖಾಲಿ ಮಾಡಿದ್ದಕ್ಕೆ ವಾಪಸು ಬರಲಿಲ್ಲ. ಸಾಮಾನು ಸಾಗಿಸಿದ ಗಾಡಿಗೆ ಆರು ಸಾವಿರ. ಸಾಮಾನೆಂದರೆ ಒಂದು ಮಂಚ, ಒಲೆ, ಹೊಲಿಗೆ ಯಂತ್ರ, ಅಷ್ಟೇ. ಎಲ್ಲಿಗೆ ಸಾಗಿಸಿದನೆಂದು ಬಾಯಿಬಿಡದ ಚಾಲಕನಿಗೆ ದರ ಬೇರೆ, ಸ್ವಾಮಿ. ರಂಜಿನಿಯ ಹೊಲಿಗೆಯ ಗಿರಾಕಿಗಳು ಅಷ್ಟೂ ಹೋದರು. ನನ್ನ ತಂಗಿಯ ನಿದ್ದೆ ಹೋಯಿತು. ಅದನ್ನು ಯಾವ ದರದಲ್ಲಿ ಹಿಡಿಯಬೇಕೋ ನನಗೆ ತಿಳಿಯದು. ಇದೆಲ್ಲ ಆದದ್ದು, ಸಾಲಕ್ಕೆಂದು ನಾನು ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟನ್ನು ನಿಮ್ಮ ಆನ್‌ಲೈನ್ ಸಾಲ ಸೇವೆ ಕಂಡಕಂಡವರಿಗೆ ತೋರಿಸಿದ್ದರಿಂದ.

ನಾನು ಶಾಂತಿಗ್ರಾಮದಲ್ಲಿ ಪಶು ಆಹಾರದ ಅಂಗಡಿ ಇಟ್ಟವನು. ಹಾಸನದ ಮಂಡಿಯಲ್ಲಿ ಮೂಟೆ ಹೊತ್ತು ಮೇಲೆ ಬಂದವನು. ವ್ಯಾಪಾರದಲ್ಲಿ ಕೊಟ್ಟೆ, ಕೊಡಲಿಲ್ಲ ಎಂಬ ಜಗಳ ಬೇಡವೆಂದು, ಫೋನಿನಲ್ಲಿ ದುಡ್ಡು ಹಾಕುವಾಗ ಯಾತಕ್ಕೆಂದು ಬರೆಯಲೇಬೇಕು ಎಂದು ಗಿರಾಕಿಗಳಿಗೆಲ್ಲ ಪಾಠ ಮಾಡಿದ್ದೆ. ಜನ ಅತಿಯಾಗಿಯೇ ಕಲಿತರು. ನಂಜಮ್ಮ ಎಂಬಾಕೆ ಪ್ರತಿ ಸಲ ಬರೆಯುವುದು: ‘ಎರಡು ಮೂಟೆ ಬೂಸಾ. ಮಿಕ್ಕಿದ್ದು ನಿನ್ನತ್ರನೇ ಇರ್ಲಿ ಕಣಪ್ಪ, ಸೊಸೆ ಕೈಲಿ ಯೋಳ್ಬ್ಯಾಡ.’ ನಾನೂ ನನ್ನ ಪಾಠಕ್ಕೆ ನಿಷ್ಠನಾಗಿ ತಿಂಗಳು ತಿಂಗಳೂ ಬರೆದೆ: ‘ರಂಜಿನಿ ಮನೆ ಬಾಡಿಗೆ, ಹೊಳೆನರಸೀಪುರ’, ಜೊತೆಗೆ ಬೀದಿ, ಮಾಲೀಕರ ಹೆಸರು, ಮಹಡಿ.

ರಂಜಿನಿ ನನ್ನ ತಂಗಿಯ ಮಗಳು. ಅವಳ ಗಂಡನನ್ನು ಕೀರ್ತಿರಾಜ್ ಎನ್ನೋಣ. ಇಬ್ಬರ ಹೆಸರನ್ನೂ ಬದಲಿಸಿದ್ದೇನೆ, ಆ ಎಚ್ಚರ ನನಗಾದರೂ ಇರಲಿ. ಅರಕಲಗೂಡಿನಲ್ಲಿ ಅವನಿಗೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ, ಪೇಟೆಯಲ್ಲಿ ಸಭ್ಯಸ್ಥನೆಂಬ ಹೆಸರು. ಮನೆಯೊಳಗೆ ಹೆಂಡತಿಯ ಮಂಡಿ ಮುರಿದವನು. ಮುಂದಿನ ಸಲ ಮಂಡಿಗೆ ನಿಲ್ಲಿಸುವುದಿಲ್ಲ ಎಂದು ಅವನೇ ಹೇಳಿದ ಮೇಲೆ ಅವಳನ್ನು ಕರೆತಂದು ಹೊಳೆನರಸೀಪುರದಲ್ಲಿ ಇರಿಸಿದೆವು. ಎಲ್ಲಿದ್ದಾಳೆಂಬುದು ನನಗೆ, ತಂಗಿಗೆ, ಮನೆ ಮಾಲೀಕರಿಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ನಾಲ್ಕನೆಯವರು ನೀವು.

ಮೇವು ಅರೆಯುವ ಯಂತ್ರಕ್ಕೆ ಸಾಲ ಬೇಕಿತ್ತು. ನಿಮ್ಮ ಸೇವೆ ಎರಡು ವರ್ಷದ ಸ್ಟೇಟ್‌ಮೆಂಟ್ ಕೇಳಿತು. ನಾನು ಅಷ್ಟು ಪೆದ್ದನಲ್ಲ. ಮೊದಲ ಸಲ ಟಿಪ್ಪಣಿಗಳ ಮೇಲೆ ಕಾಗದದ ಪಟ್ಟಿ ಅಂಟಿಸಿ, ಬರೀ ಮೊತ್ತ ಕಾಣುವಂತೆ ಸ್ಕ್ಯಾನ್ ಮಾಡಿ ಕಳಿಸಿದೆ. ‘ದಾಖಲೆ ಅಸ್ಪಷ್ಟ, ತಿರಸ್ಕೃತ’ ಎಂದು ಉತ್ತರ ಬಂತು. ಸಾಲ ತೀರಿಸುವ ಶಕ್ತಿ ಇದೆಯೋ ಇಲ್ಲವೋ ನೋಡಲು ನಂಜಮ್ಮನ ಗುಟ್ಟು ನಿಮಗೆ ಯಾಕೆ ಬೇಕಾಗಿತ್ತು? ಪಟ್ಟಿ ಕಿತ್ತೆ, ಪೂರ್ತಿ ಕಳಿಸಿದೆ. ಸ್ವೀಕೃತ! ಫೋನಿಗೆ ಒಂದು ಕೊಂಡಿ, ಅದೇ ಲಿಂಕು, ಬಂತು, ಕೊನೆಯಲ್ಲಿ ನನ್ನ ಅರ್ಜಿಯ ಸಂಖ್ಯೆ. ಆ ಸಂಖ್ಯೆಗೆ ಒಂದು ಕೂಡಿಸಿದರೆ ಪಕ್ಕದವನ ಕಾಗದ ತೆರೆಯುತ್ತದೆ, ಒಂದು ಕಳೆದರೆ ಇನ್ನೊಬ್ಬನದು. ಪಾಸ್‌ವರ್ಡ್ ಇಲ್ಲ, ಕೇಳುವವರಿಲ್ಲ.

ಇದು ನಿಮಗೆ ಗೊತ್ತಿರಲಿಲ್ಲವೋ ಏನೋ, ಅರಕಲಗೂಡಿಗೆ ಗೊತ್ತಿತ್ತು. ಅಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿಯ ಸಿದ್ದೇಶ್ವರ ಬಂದವರಿಗೆಲ್ಲ ಇದೊಂದು ಆಟ ಮಾಡಿ ತೋರಿಸುತ್ತಿದ್ದ. ಕೀರ್ತಿರಾಜ್ ಜೆರಾಕ್ಸಿಗೆಂದು ಹೋದಾಗ ಆ ಆಟದಲ್ಲಿ ನನ್ನ ಹೆಸರು ಕಂಡು ತನ್ನ ಮಾವನೆಂದನಂತೆ, ಸಿದ್ದೇಶ್ವರ ತೆರೆದೂ ಕೊಟ್ಟ. ಆಮೇಲೆ ನಾನು ಹೋಗಿ ಕೇಳಿದರೆ ತಲೆ ಕೆರೆದುಕೊಂಡ. “ತಮಾಸೆಗ್ ತೋರ್ಸ್ದೆ ಸಾ. ನಿಮ್ ಸಂಬಂಧುಕ್ರೇ ಅಲ್ವಾ ಅಂತವ.”

ನನಗೆ ತಿಳಿದದ್ದು ಫೋನಿನಲ್ಲಿ. ಬೂಸಾ ತೂಗುತ್ತಿದ್ದೆ. ಕೀರ್ತಿರಾಜನ ಬೆಣ್ಣೆಯಂಥ ದನಿ.

“ಏನ್ ಮಾವ, ಯಾಪಾರ ಜೋರಾ? ಆ ಮನ್ಗೆ ನಾಲ್ಕೂವರೆ ಸಾವ್ರ ಜಾಸ್ತಿ ಆಯ್ತು ಕಣ್ ಮಾವ. ಮೆಟ್ಲು ಬ್ಯಾರೆ ಕಡ್ದಾಗವೆ. ಆ ಮಂಡೀಲಿ ಎಂಗ್ ಅತ್ತಿಳೀತಾಳೋ, ಪಾಪ.”

ಬಾಡಿಗೆಯ ಮೊತ್ತವನ್ನು ನಿಮ್ಮ ಕೊಂಡಿಯಲ್ಲಿ ನೋಡಿದ್ದ. ಮೆಟ್ಟಿಲನ್ನು ಎಲ್ಲಿ ನೋಡಿದ? ತಕ್ಕಡಿ ಅಲ್ಲೇ ಬಿಟ್ಟೆ. ರಂಜಿನಿಗೆ ಫೋನ್ ಮಾಡಿದರೆ ಅವಳು ನಗುತ್ತಲೇ ಮಾತಾಡಿದಳು.

“ಸ್ವೀಟ್ ಕಳ್ಸಿದ್ರಲ್ಲ ಮಾವ, ಒಸಿ ಯೋಳ್ಬಾರ್ದಾ? ಬೆಳಿಗ್ಗೆ ಬಾಗ್ಲತ್ರ ಇತ್ತು. ನಂಗಿಷ್ಟವಾದ್ ಮೈಸೂರ್‌ಪಾಕು.”

“ನಾನ್ ಕಳ್ಸಿಲ್ಲ ಕಣವ್ವ.”

ಆ ಕಡೆ ಬಾಗಿಲ ಚಿಲಕ ಹಾಕಿದ ಸದ್ದು. ಆಮೇಲೆ ಒಂದೇ ಪ್ರಶ್ನೆ: “ಯಾರ್ಗೇಳುದ್ರಿ ಮಾವ?”

ಮಾನ್ಯರೇ, ನಾನು ಯಾರಿಗೂ ಹೇಳಿರಲಿಲ್ಲ. ಅಪ್‌ಲೋಡ್ ಮಾಡಿದ್ದೆ.

ಅವಳನ್ನು ಅಂದೇ ಬೇರೆ ಕಡೆಗೆ ಸಾಗಿಸಿ, ಅವನ ಮೇಲೆ ಪೊಲೀಸರಿಗೆ ದೂರು ಕೊಟ್ಟಿದ್ದೇವೆ, ಅದು ಅಲ್ಲಿ ನಡೆಯಲಿ. ನಿಮ್ಮ ಸಹಾಯವಾಣಿಗೂ ಫೋನ್ ಮಾಡಿದೆ. ಹುಡುಗಿ ಮರ್ಯಾದೆಯಿಂದಲೇ, “ಸಾರ್, ನಿಮ್ಮ ಲೋನ್ ಅಪ್ರೂವ್ ಆಗಿದೆ, ಅಭಿನಂದನೆಗಳು” ಎಂದಳು. ಅದಲ್ಲಮ್ಮ, ನನ್ನ ಕಾಗದ ಊರಿಗೆಲ್ಲ ಕಾಣುತ್ತಿದೆ, ತೆಗೆಯಿರಿ ಎಂದೆ. ಅದಕ್ಕೆ ದೂರು ಸಲ್ಲಿಸಬೇಕಂತೆ. ದೂರುದಾರ ನಾನೇ ಎಂದು ಸಾಬೀತುಪಡಿಸಲು ಆಧಾರ್, ಪ್ಯಾನ್ ಮತ್ತು ಇತ್ತೀಚಿನ ಬ್ಯಾಂಕ್ ಸ್ಟೇಟ್‌ಮೆಂಟ್ ಅಪ್‌ಲೋಡ್ ಮಾಡಬೇಕಂತೆ! ನಗು ಬರಬೇಕಿತ್ತು, ಬೆವರು ಬಂತು.

ನಿನ್ನೆಯೂ ನೋಡಿದೆ. ಕೊಂಡಿ ತೆರೆಯುತ್ತಿದೆ. ಒಂದು ಕೂಡಿಸಿದೆ: ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರು ಯಾವ ಆಸ್ಪತ್ರೆಗೆ ತಿಂಗಳು ತಿಂಗಳೂ ದುಡ್ಡು ಕಟ್ಟುತ್ತಾರೆಂದು ತೋರಿಸಿತು. ತಕ್ಷಣ ಮುಚ್ಚಿದೆ. ಆದರೆ ಓದಿಯಾಗಿತ್ತು. ಅವರ ಮನೆಯವರಿಗೇ ಗೊತ್ತಿಲ್ಲದಿರಬಹುದಾದ ಕಾಯಿಲೆ ಈಗ ನನಗೆ ಗೊತ್ತು. ನನಗೆ ಹೆದರಿಕೆ ಹುಟ್ಟಿಸುವುದು ಕೀರ್ತಿರಾಜ್ ಒಬ್ಬನೇ ಅಲ್ಲ. ಆ ಸಂಖ್ಯೆಗಳ ಸಾಲಿನಲ್ಲಿ ಇನ್ನೆಷ್ಟು ಹೆಣ್ಣುಮಕ್ಕಳು ಬಾಡಿಗೆ ಮನೆಗಳಲ್ಲಿ ಅಡಗಿದ್ದಾರೋ, ಯಾರ ಬಾಗಿಲ ಮುಂದೆ ಏನು ಬಂದು ಕೂತಿದೆಯೋ.

ಆದ್ದರಿಂದ ಕೇಳುತ್ತಿದ್ದೇನೆ. ಆ ಕೊಂಡಿಯನ್ನು ಇವತ್ತೇ ಮುಚ್ಚಿ. ಸಮಿತಿ ಆಮೇಲೆ ಮಾಡಿಕೊಳ್ಳಿ. ಟಿಪ್ಪಣಿ ಮುಚ್ಚಿ, ‘ಈ ಅರ್ಜಿಗೆ ಮಾತ್ರ’ ಎಂದು ಅಡ್ಡ ಬರೆದು ಕೊಟ್ಟ ಪ್ರತಿಯನ್ನು ಒಪ್ಪಿಕೊಳ್ಳಿ. ಸಾಲ ತೀರ್ಮಾನವಾದ ಮೇಲೆ ನಮ್ಮ ಕಾಗದ ಅಳಿಸಿ, ಅಳಿಸಿದ್ದೇವೆಂದು ಬರೆದು ಕೊಡಿ. ಯಾರ ಕಾಗದ ತೆರೆದಿತ್ತೋ ಅವರಿಗೆಲ್ಲ ತಿಳಿಸಿ, ಓಡಬೇಕಾದವರು ಓಡಲಿ.

ಈ ವ್ಯವಹಾರದಲ್ಲಿ ಯಾರಿಗೆ ಏನು ಸಿಕ್ಕಿತು ಎಂಬುದು ಹೀಗಿದೆ. ನನಗೆ ಯಂತ್ರ. ನಿಮಗೆ ವಿಲೇವಾರಿಯಾದ ಇನ್ನೊಂದು ಅರ್ಜಿ. ಸಿದ್ದೇಶ್ವರನಿಗೆ ಒಂದು ಗಳಿಗೆಯ ತಮಾಷೆ. ಕೀರ್ತಿರಾಜನಿಗೆ ಒಂದು ವಿಳಾಸ. ರಂಜಿನಿಗೆ, ಕಿಟಕಿ ಇಲ್ಲದ ಒಂದು ಕೋಣೆ.

ಇಂತಿ,
ಹೆಸರು, ಸಹಿ, ಫೋನ್ ನಂಬರು ಎಲ್ಲವೂ ನಿಮ್ಮಲ್ಲೇ ಇರುವುದರಿಂದ ಇಲ್ಲಿ ಮತ್ತೆ ಬರೆಯಲು ಹೆದರುವ
ಶಾಂತಿಗ್ರಾಮದ ಒಬ್ಬ ಅರ್ಜಿದಾರ