ನೋಡೋ ರೈಲು

ಬಳ್ಳಾರಿ, ಬ್ರೂಸ್‌ಪೇಟೆ
೨೩-೮-೧೯೫೧, ಗುರುವಾರ

ಪ್ರೀತಿಯ ತಮ್ಮ ಪ್ರಾಣೇಶನಿಗೆ ಅಕ್ಕನ ಆಶೀರ್ವಾದಗಳು.

ಮೊಣಕಾಲು ನೋವು ಹೇಗಿದೆ? ಮದ್ರಾಸಿನ ಆ ಮೆಸ್ಸಿನ ಹುಳಿ ನಿನ್ನ ಮೈಗೆ ಆಗದೆಂದು ಎಷ್ಟು ಸಲ ಬರೆಯಲಿ? ಇಲ್ಲಿ ನಾನೂ ನಿನ್ನ ಮಗಳು ಪದ್ಮಾಬಾಯಿಯೂ ಕ್ಷೇಮ. ಅವಳ ಟ್ರೈನಿಂಗ್ ಶಾಲೆಯ ಪರೀಕ್ಷೆ ಚೆನ್ನಾಗಿ ಆಯಿತಂತೆ. ಕುಶಲ ವಿಚಾರಿಸಿದ್ದಾಯಿತು, ಇನ್ನು ಜಗಳ.

ಸಿರುಗುಪ್ಪದ ಅಕ್ಕಿ ಗಿರಣಿಯವರು ಹುಡುಗಿಯನ್ನು ನೋಡಬೇಕೆನ್ನುತ್ತಾರೆ, ನೋಡಿದ ಮೇಲೆ ತಾಂಬೂಲ ಎಂದು ಹೋದ ತಿಂಗಳು ಬರೆದಿದ್ದೆ. "ಚಾಪಿ ಮ್ಯಾಲೆ ಕೂತು ನಾನು ತೋರಿಸ್ಕೊಳ್ಳಂಗಿಲ್ಲ ಅತ್ತಿ" ಎಂದು ಪದ್ಮಾ ಹಟ ಹಿಡಿದದ್ದನ್ನೂ ಬರೆದೆ. ನಿನ್ನಿಂದ ಉತ್ತರವೇ ಇಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು. ಚಿಕ್ಕಂದಿನಲ್ಲಿ ನೀನು ಸುಮ್ಮನಿದ್ದೆಯೆಂದರೆ ಎಲ್ಲೋ ಬೆಲ್ಲದ ಡಬ್ಬಿ ತೆರೆದಿದೆ ಎಂದೇ ಅರ್ಥ.

ಮೊನ್ನೆ ಭಾನುವಾರ ಉಪಾಧ್ಯಾಯರ ಸಂಘದವರು ಸಂಡೂರಿನ ಗುಡ್ಡ ತೋರಿಸಲು ಸ್ಪೆಷಲ್ ರೈಲು ಬಿಟ್ಟಿದ್ದರು. ಪೇಟೆಯವರು ಅದಕ್ಕೆ ನೋಡೋ ರೈಲು ಎಂದೇ ಹೆಸರಿಟ್ಟಿದ್ದಾರೆ. ಟಿಕೆಟ್ಟು ತಂದವಳು ಪದ್ಮಾ. ಆ ಮುಗ್ಧೆಯ ಕೈಯಲ್ಲಿ ತರಿಸಿದವರು ಯಾರೆಂದು ನನಗೆ ತಿಳಿಯದೇ? ಎದುರಿನ ಬೆಂಚಿನಲ್ಲಿ ಒಬ್ಬ ಹೆಂಗಸು, ಅವಳ ಮಗ. ತೋರಣಗಲ್ಲು ಬರುವ ಮೊದಲೇ ಆಕೆ ಡಬ್ಬಿ ಬಿಚ್ಚಿದಳು. ಚಿತ್ರಾನ್ನದ ಅಕ್ಕಿ ಮಲ್ಲಿಗೆ ಮೊಗ್ಗಿನ ಹಾಗಿತ್ತು. ಈ ರೇಷನ್ ಕಾಲದಲ್ಲಿ ಇಂಥ ಅಕ್ಕಿ ಯಾರ ಮನೆಯದು? ಕೇಳಿದರೆ, "ಸಿರುಗುಪ್ಪಿದು ರೀ" ಎಂದಳು. ಚಾಪೆ ಬೇಡವೆಂದವಳನ್ನು ರೈಲಿನಲ್ಲೇ ಗಿರಣಿಯವರಿಗೆ ತೋರಿಸುವ ನಿನ್ನ ಗುಟ್ಟು ಅಲ್ಲಿಗೆ ರಟ್ಟಾಯಿತು.

ಸ್ಟೇಷನ್ನು ಬಂದಾಗ ಆಕೆ ಪದ್ಮಾಳಿಂದ ಊರಿನ ಬೋರ್ಡು ಓದಿಸಿದಳು. ಹುಡುಗಿಯ ಕಣ್ಣು ಪರೀಕ್ಷೆ! ನಮ್ಮವಳಾದರೂ ಮರ್ಯಾದೆಯಿಂದ ಇರಬೇಡವೇ? ಬಿಗಿದುಕೊಂಡಿದ್ದ ಕಿಟಕಿಯ ಬಾಗಿಲನ್ನು ಇವಳೇ ಆ ಹುಡುಗನಿಂದ ಎತ್ತಿಸಿದಳು, ಪುಸ್ತಕದ ಸಣ್ಣಕ್ಷರ ಓದಿಸಿದಳು, ಹೊಸಪೇಟೆಯಲ್ಲಿ ನನ್ನ ತಂಬಿಗೆ ಕೊಟ್ಟು ನೀರಿಗೆ ಓಡಿಸಿದಳು, ಅವನು ಹೋಗಿ ಬರುವವರೆಗೂ ನೋಡುತ್ತ ಕೂತಳು. ನಾನು ತೊಡೆ ಚಿವುಟಿದರೂ ಕೇಳಲಿಲ್ಲ. ಮುಂದೆ ಕೆಂಪು ಗುಡ್ಡಗಳು, ಅವುಗಳ ನೆತ್ತಿಯ ಮೇಲೆ ಮಂಜು, ಬೋಗಿಯ ಜನವೆಲ್ಲ ಕಿಟಕಿಗೆ ಬಿದ್ದಿದ್ದರು. ನಾನೊಬ್ಬಳೇ ಒಳಗೆ ಕಾವಲು ಕೂತು ಒಂದು ಗುಡ್ಡವನ್ನೂ ಕಾಣಲಿಲ್ಲ.

ಒಂದು ಮಾತು ಮಾತ್ರ ನಿಜ ಹೇಳುತ್ತೇನೆ. ಆ ಹುಡುಗ ನೀರು ತಂದವನು, ನಾನು ಮಡಿಯವಳೆಂದು ತಿಳಿದು, ತಂಬಿಗೆಯನ್ನು ಕೈಗೆ ಕೊಡದೆ ಮೆಲ್ಲಗೆ ಕೆಳಗಿಟ್ಟು ದೂರ ನಿಂತ. ಒಂದು ಹನಿ ಚೆಲ್ಲಲಿಲ್ಲ. ಅಕ್ಕನ ಕಣ್ಣಿಗೆ ಮಣ್ಣೆರಚಲು ಹೋದೆಯಲ್ಲ ಎಂದು ನಿನ್ನ ಮೇಲೆ ಸಿಟ್ಟಿದೆ. ಹುಡುಗ ಮಾತ್ರ ಚಿನ್ನ. ನನ್ನ ಪೂರ್ಣ ಒಪ್ಪಿಗೆ ಇದೆ, ತಡ ಮಾಡಬೇಡ.

ರಾಯರು ನಿನ್ನನ್ನು ಚೆನ್ನಾಗಿಟ್ಟಿರಲಿ. ಹುಳಿ ತಿನ್ನಬೇಡ.

ನಿನ್ನ ಅಕ್ಕ
ತಿರುಮಲಮ್ಮ

ತಾ.ಕ.: ಅಂಚೆಗೆ ಹಾಕಲು ಕೊಟ್ಟರೆ ಪದ್ಮಾ ಇದನ್ನು ಬಿಚ್ಚಿ ಓದಿದಳು. ಮೊದಲು ನಕ್ಕಳು, ಆಮೇಲೆ ಅತ್ತಳು. ಹುಡುಗ ಗಿರಣಿಯವನಲ್ಲವಂತೆ. ಕುರುಗೋಡಿನ ಶಾಲೆಯ ಮೇಷ್ಟ್ರು, ನರಸಿಂಹ ಎಂದು ಹೆಸರು, ನಮ್ಮವರೇ. ತಾಯಿಯ ತವರು ಸಿರುಗುಪ್ಪ, ಅಕ್ಕಿ ಅಲ್ಲಿಂದ ಬಂದದ್ದು. ಕನ್ನಡಕ ಮರೆತು ಬಂದಿದ್ದಕ್ಕೆ ಆಕೆ ಬೋರ್ಡು ಓದಿಸಿದಳಂತೆ. ನಿನಗೆ ಏನೂ ಗೊತ್ತಿಲ್ಲವೆಂದು ಈಗ ನಂಬುತ್ತೇನೆ. "ಆ ರೈಲಿನಲ್ಲಿ ನಿನ್ನನ್ನು ನೋಡಿದವರು ಯಾರೇ ಹಾಗಾದರೆ?" ಎಂದು ಪದ್ಮಾಳನ್ನು ಕೇಳಿದೆ. "ನನ್ನ ಯಾರೂ ನೋಡ್ಲಿಲ್ಲ ಅತ್ತಿ. ನಾನೇ ನೋಡ್ಲಿಕ್ಕೆ ಹೋಗಿದ್ದೆ" ಎಂದಳು. ಕಾಗದ ಹರಿದು ಬೇರೆ ಬರೆಯಲು ಪೆನ್ನು ಹಿಡಿದೆ, ಮನಸ್ಸು ಬರಲಿಲ್ಲ. ಒಪ್ಪಿಗೆ ಎಂದು ನಾನು ಬರೆದದ್ದು ಆ ತಂಬಿಗೆ ಇಟ್ಟ ಕೈಗೆ, ಗಿರಣಿಗಲ್ಲ. ತಾಂಬೂಲ ಬೇಡವೆಂದು ಸಿರುಗುಪ್ಪಕ್ಕೆ ಇವತ್ತೇ ತಂತಿ ಕೊಡು.