ಎಡಗೈಯ ಗೋಡೆ

ಹಿರೇಬೆಂಡಿಗೇರಿ
ತಾ. ೧೮ ನವೆಂಬರ್ ೨೦೨೪, ಸೋಮವಾರ

ಗೆಳೆಯ ಅಕ್ಬರಸಾಬನಿಗೆ ಹಿರೇಬೆಂಡಿಗೇರಿಯ ಫಕ್ಕೀರೇಶ ಮಾಡುವ ಸಲಾಂ.

ಎಂಟು ವರ್ಷದ ಮೇಲೆ ನನ್ನ ಅಕ್ಷರ ಕಂಡು ಏನೋ ಕೆಟ್ಟ ಸುದ್ದಿ ಎಂದು ಗಾಬರಿಯಾಗಬೇಡ. ಎಲ್ಲರೂ ಇದ್ದೇವೆ. ನನ್ನ ಎಡಮೊಣಕಾಲು ಮಾತ್ರ ಏಣಿ ಕಂಡರೆ ಒಲ್ಲೆ ಎನ್ನುತ್ತದೆ. ಸವೆದಿದೆ ಎಂದು ಡಾಕ್ಟರು ಹೇಳಿದರು, ಅವರ ಮಾತಿನ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಇಷ್ಟು ದಿನ ಬರೆಯದಿದ್ದುದಕ್ಕೆ ಕೆಲಸದ ನೆಪ ಹೇಳಿದರೆ ನೀನು ನಗುತ್ತೀ. ಮಳೆಗಾಲದಲ್ಲಿ ಮನೆ ಕಟ್ಟುವ ಗೌಂಡಿಗೆ ಎಂಥ ಕೆಲಸ? ತಪ್ಪು ನನ್ನದೇ, ಹೊಟ್ಟೆಗೆ ಹಾಕಿಕೋ.

ಫೋನ್ ಮಾಡಬಹುದಿತ್ತು. ನಿನಗೆ ಕಿವಿ ಮಂದವಾಗಿದೆಯಂತೆ, ಫೋನನ್ನು ನಿನ್ನ ಮಗಳು ಫರ್ಜಾನಾಳೇ ಎತ್ತುತ್ತಾಳಂತೆ. ಈ ಮಾತು ಅವಳ ಕಿವಿ ದಾಟಿ ನಿನಗೆ ಮುಟ್ಟುವುದು ನನಗೆ ಬೇಡ. ಲಕೋಟೆಯ ಅಂಟಿನ ಮೇಲೆ ಅಡ್ಡಲಾಗಿ ಸಹಿ ಮಾಡಿ ಕಳಿಸುತ್ತೇನೆ. ಸಹಿ ಮುರಿದಿದ್ದರೆ ಯಾರೋ ಒಡೆದು ಓದಿದ್ದಾರೆ ಎಂದು ತಿಳಿ. ನಗಬೇಡ, ಈಗ ನನ್ನ ಗುಣವೇ ಹೀಗಾಗಿದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಶೈಲಾ ಮನೆ ಕೊಳ್ಳಬೇಕೆಂದಿದ್ದಾಳೆ. ಅವಳು ಶಿಗ್ಗಾಂವಿ ಹತ್ತಿರದ ಶಾಲೆಯಲ್ಲಿ ಟೀಚರು, ಅಳಿಯ ಸುಭಾಸ ಹಾನಗಲ್ಲ ಡಿಪೋದಲ್ಲಿ ಕಂಡಕ್ಟರು. ಮದುವೆಯಾದಂದಿನಿಂದ ಬಾಡಿಗೆ ಮನೆ, ಈಗ ಎರಡು ಮಕ್ಕಳಾಗಿವೆ. ಹುಡುಕಿ ಹುಡುಕಿ ಎರಡು ಹೊಸ ಮನೆ ನೋಡಿಟ್ಟಿದ್ದಾರೆ. ಒಂದು ಶಿಗ್ಗಾಂವಿಯ ಹೊರಗೆ, ತಡಸದ ಕಡೆ ಹೋಗುವ ದಿಕ್ಕಿನ ಹೊಸ ಬಡಾವಣೆಯಲ್ಲಿ. ಇನ್ನೊಂದು ಹಾನಗಲ್ಲಿನ ಹೊರಗೆ, ಗದ್ದೆಯ ಅಂಚಿಗೆ ಎದ್ದಿರುವ ಬಡಾವಣೆಯಲ್ಲಿ. ಯಾವುದಾದರೂ ಒಂದು ಎಂದು ಈ ತಿಂಗಳೊಳಗೆ ಹೇಳಬೇಕು. ಶೈಲಾ ನನ್ನ ಮುಂದೆ ಬಂದು ಕೂತು, "ಅಪ್ಪಾ, ನೀ ಮೂವತ್ತು ವರ್ಷ ಮನಿ ಕಟ್ಟಿದಾವ. ನೀ ನೋಡಿ ಹೂಂ ಅಂದದ್ದನ್ನ ತಗೋತೇವಿ," ಅಂದಳು.

ನನ್ನಂಥವನಿಗೆ ಈ ಕೆಲಸ ಹೇಳಬಾರದಿತ್ತು. ಗೋಡೆಯೊಳಗೆ ಏನೇನು ಮುಚ್ಚಬಹುದು ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೊರಡುವಾಗ ಮನೆಯಾಕೆ ಅನ್ನವ್ವ ಬಾಗಿಲಲ್ಲೇ ತಡೆದು, "ನಿಮ್ಮ ಕಣ್ಣಿಗೆ ದೇವರ ಗುಡಿಯೊಳಗೂ ಬಿರುಕ ಕಾಣ್ತಾವ. ಹುಡುಗಿ ಆಸೆ ಪಟ್ಟಾಳ, ಸುಮ್ಮನ ಚಲೋ ಐತಿ ಅಂದು ಬರ್ರಿ," ಅಂದಳು. ನಾನು ಗೋಡೆಯ ನೇರ ನೋಡುವ ಓಳಂಬ, ಒಂದು ಗೋಲಿ, ಒಂದು ಹಳೆಯ ರೂಪಾಯಿ ನಾಣ್ಯ ಕಿಸೆಗೆ ಹಾಕಿಕೊಂಡು ಹೊರಟೆ.

ಮೊದಲು ಶಿಗ್ಗಾಂವಿಯ ಮನೆ. ಏನು ಬಣ್ಣ, ನೆಲಕ್ಕೆ ಏನು ಫರಸಿ, ಅಡುಗೆಮನೆಗೆ ಎಂಥ ಕಿಟಕಿ! ಶೈಲಾಳ ಮನಸ್ಸು ಆ ಕಿಟಕಿಯಲ್ಲೇ ಸಿಕ್ಕಿಕೊಂಡಿದೆ. ಮಾರುವವನು ನಾನು ಚಪ್ಪಲಿ ಬಿಡುವ ಮೊದಲೇ, "ಬರ್ರಿ ಯಜಮಾನ್ರ, ಕುಂತ್ರಿ, ಮೊದಲ ಚಹಾ ಕುಡೀರಿ," ಅಂದ. ಕುಡಿದೆ. ಮುಗಿಯುವಷ್ಟರಲ್ಲಿ ಮಂಡಕ್ಕಿ ಬಂತು. ನಾನು ಎದ್ದರೆ ಅವನೂ ಏಳುತ್ತಾನೆ, ಹಿಂದಿನ ಕೋಣೆಗೆ ಹೊರಟರೆ ಮುಂದಿನ ಅಂಗಳ ತೋರಿಸುತ್ತಾನೆ. ಇಷ್ಟು ಉಪಚಾರ ಮಾಡುವವನು ಏನೋ ಬಚ್ಚಿಟ್ಟಿದ್ದಾನೆ ಎಂದು ನನಗೆ ಆಗಲೇ ಅನಿಸಿತು.

ಹಿಂದಿನ ಕೋಣೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗು ಹಾಕಿದ್ದರು. ಯಾರೂ ವಾಸವಿಲ್ಲದ ಮನೆಯಲ್ಲಿ ತಾರೀಖು ನೋಡುವವರು ಯಾರು? ಮೆಲ್ಲಗೆ ಎತ್ತಿ ನೋಡಿದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕು, ಉಗುರು ಹೋಗುವಷ್ಟು ಅಗಲ. "ಅದು ಬಣ್ಣ ಒಣಗಿದ್ದಕ್ಕ ಆಗಿದ್ದರಿ," ಅಂದ. ಬಣ್ಣ ಒಣಗಿದರೆ ಬಿರುಕು ಓರೆಯಾಗಿ ಇಳಿಯುವುದಿಲ್ಲ, ಪಾಯಾ ಕುಂತರೆ ಇಳಿಯುತ್ತದೆ.

"ಪಾಯಾ ಎಷ್ಟು ಆಳ ತೆಗದೀರಿ?" ಎಂದು ಕೇಳಿದೆ. "ಐದು ಫೂಟಿಗೆ ಗಟ್ಟಿ ಗರಸು ಹತ್ತಿತ್ರಿ, ಅದರ ಮ್ಯಾಲ ಕಟ್ಟೇವಿ," ಅಂದ. ಎರೆಮಣ್ಣಿನ ನೆಲ ಅದು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ತಳದ ಗಟ್ಟಿ ಗರಸು ಮಣ್ಣು ಮುಟ್ಟುವವರೆಗೆ ಅಗೆಯದೆ ಅಲ್ಲಿ ದನದ ಗ್ವಾದಲಿ ಸಹ ಕಟ್ಟಬಾರದು. ಪಕ್ಕದ ಜಾಗದಲ್ಲಿ ಇನ್ನೊಂದು ಮನೆಗೆ ಕುಣಿ ತೋಡುತ್ತಿದ್ದರು. ಹೋಗಿ ಬಗ್ಗಿ ನೋಡಿದೆ. ಎಂಟು ಫೂಟು ಇಳಿದಿದ್ದಾರೆ, ತಳದಲ್ಲಿ ಇನ್ನೂ ಕರಿಮಣ್ಣೇ. ಬೇಲಿಯ ಆಚೆ ಎಂಟು ಫೂಟಿಗೂ ಸಿಗದ ಗರಸು, ಬೇಲಿಯ ಈಚೆ ಐದಕ್ಕೇ ಎದ್ದು ಬಂತಂತೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಬಸ್ಸು ಹತ್ತಿದೆ.

ಮರುದಿನ ಹಾನಗಲ್ಲ. ಅಲ್ಲಿಯ ಮನೆಯ ಮಾಲೀಕ ಚಂದ್ರಪ್ಪ ಎಂಬವರು. ಜೋಡಿ ಮನೆ ಕಟ್ಟಿಸಿ ಒಂದರಲ್ಲಿ ತಾವಿದ್ದಾರೆ, ಇನ್ನೊಂದನ್ನು ಮಾರುತ್ತಾರೆ. ಕೀಲಿ ನನ್ನ ಕೈಗೆ ಕೊಟ್ಟು, "ನೀವ ನೋಡ್ರಿ. ನಾ ಎಮ್ಮಿಗೆ ನೀರು ಕುಡಿಸಿ ಬರ್ತೇನಿ," ಎಂದು ಹೊರಟೇ ಹೋದರು. ಚಹಾ ಇಲ್ಲ, ಮಾತಿಲ್ಲ. ನನ್ನ ಸಂಶಯ ಇನ್ನೂ ಹೆಚ್ಚಾಯಿತು. ಒಬ್ಬಂಟಿಯಾಗಿ ಬಿಟ್ಟು ಹೋಗುವವನು ಒಂದೋ ಪೂರಾ ಸಾದಾ ಮನುಷ್ಯ, ಇಲ್ಲವೇ ಶಿಗ್ಗಾಂವಿಯವನಿಗೆ ಗುರು.

ಎರಡು ತಾಸು ನೋಡಿದೆ ಅಕ್ಬರಾ. ಬಚ್ಚಲಿಗೆ ಒಂದು ಕೊಡ ನೀರು ಸುರಿದೆ, ಹನಿ ನಿಲ್ಲದೆ ಮೋರಿಗೆ ಹೋಯಿತು. ನಡುಮನೆಯಲ್ಲಿ ಗೋಲಿ ಬಿಟ್ಟೆ, ಇಟ್ಟಲ್ಲೇ ಕೂತಿತು. ನಾಣ್ಯದಿಂದ ಗೋಡೆ ತಟ್ಟುತ್ತ ನಾಲ್ಕೂ ಕೋಣೆ ಸುತ್ತಿದೆ, ಎಲ್ಲೂ ಪೊಳ್ಳು ದನಿಯಿಲ್ಲ. ಓಳಂಬ ಇಳಿಬಿಟ್ಟೆ, ಕೂದಲಿನಷ್ಟೂ ಫರಕಿಲ್ಲ. ನಡುವೆ ಚಂದ್ರಪ್ಪನವರು ಬಂದು ಪಾಯಾದ ಫೋಟೋ ಸಹ ತೋರಿಸಿ ಹೋದರು, ತಳದಲ್ಲಿ ಕೆಂಪು ಗರಸು ಎದ್ದು ಕಾಣುತ್ತಿತ್ತು. ತಪ್ಪೇ ಇಲ್ಲದ ಮನೆಯನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ, ಕಟ್ಟಿಯೂ ಇಲ್ಲ. ಸಿಟ್ಟು ಬಂತು, ನಿಜ ಹೇಳುತ್ತೇನೆ.

ಕಡೆಗೆ ಮೆಟ್ಟಿಲ ಕೆಳಗಿನ ಸಣ್ಣ ಕೋಣೆ ಹೊಕ್ಕೆ. ಅಲ್ಲಿಗೆ ಪುಟ್ಟಿ, ಬಣ್ಣ ಏನೂ ಇಲ್ಲ, ಬರೀ ಸುಣ್ಣ. ಬಾಗಿಲಿನಿಂದ ಇಳಿಬಿಸಿಲು ಗೋಡೆಯ ಮೇಲೆ ಓರೆಯಾಗಿ ಬಿದ್ದಿತ್ತು. ಪ್ಲಾಸ್ಟರ್ ಉಜ್ಜಿದ ಹಲಗೆಯ ಗುರುತು ಸುರುಳಿ ಸುರುಳಿಯಾಗಿ ಕಂಡವು. ಎಲ್ಲ ಸುರುಳಿಗಳೂ ತಿರುವುಮುರುವು. ಎಡಗೈಯವನು ಉಜ್ಜಿದ ಗೋಡೆ ಅದು. ಮೂಲೆಗೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎಳೆದೆ. ಬೆರಳು ಎಲ್ಲೂ ತಡೆಯಲಿಲ್ಲ. ಆಮೇಲೆ ಅಲ್ಲೇ ನೆಲದ ಮೇಲೆ ಕೂತೆ.

ಹೊರಗೆ ಬಂದು, "ಪ್ಲಾಸ್ಟರ್ ಯಾರು ಮಾಡಿದ್ರಿ?" ಎಂದು ಕೇಳಿದೆ. ಚಂದ್ರಪ್ಪನವರು ಹೇಳಿದ್ದು ಹೀಗೆ: "ಹಿರೇಕೆರೂರ ಕಡಿಂದ ಒಬ್ಬ ವಯಸ್ಸಾದ ಸಾಬರು ಬರ್ತಿದ್ರಿ, ಮಾಸೂರಿನವರು. ಪಾಯಾದಿಂದ ಹಿಡದು ಎಲ್ಲಾ ಅವರದ. ಕಿವಿ ಸ್ವಲ್ಪ ಮಂದ. ಒಂದು ಗ್ವಾಡಿ ಮನಸ್ಸಿಗೆ ಬರಲಿಲ್ಲ ಅಂತ ತಾವ ಕೆಡವಿ ಮತ್ತ ಹಚ್ಚಿದ್ರು. ಯಾಕ್ರಿ, ಏನರ ಊನ ಐತೇನು?" ಊನವಿಲ್ಲ ಎಂದೆ.

ಇಬ್ಬರು ಬಲಗೈಯವರು ಒಂದು ಮೂಲೆಗೆ ಪ್ಲಾಸ್ಟರ್ ಹಚ್ಚಲು ನಿಂತರೆ ಮೊಣಕೈಗೆ ಮೊಣಕೈ ತಾಗುತ್ತದೆ. ನಾನು ಬಲ, ನೀನು ಎಡ. ಇಪ್ಪತ್ತೆರಡು ವರ್ಷ ನಮ್ಮ ಮೂಲೆಯಲ್ಲಿ ಜಗಳವಿರಲಿಲ್ಲ. ನೀನು ಸವಣೂರಿನಿಂದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಿ, ನಾನು ಇಲ್ಲಿಂದ. ನೀನು ಹೋದ ಮೇಲೆ ಮೂರು ಜನರನ್ನು ಜೊತೆಗೆ ಹಾಕಿಕೊಂಡು ನೋಡಿದೆ, ಒಬ್ಬರೊಂದಿಗೂ ಮೂಲೆ ಕೂಡಿಬರಲಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಆ ಮೆಟ್ಟಿಲ ಕೆಳಗೆ ಕೂತಾಗಲೂ ನನ್ನ ಬುದ್ಧಿ ಬಿಡಲಿಲ್ಲ. ಶೈಲಾ ಈ ಕಡೆ ಮನೆ ಹುಡುಕುವ ಸುದ್ದಿ ತಿಳಿದೇ ಇವನು ಇಷ್ಟು ಚೆನ್ನಾಗಿ ಕಟ್ಟಿದನೋ ಏನೋ, ನನ್ನನ್ನು ನಾಚಿಸಲಿಕ್ಕೆಂದೇ ಕಟ್ಟಿದನೋ ಏನೋ ಎಂದು ಯೋಚಿಸಿದೆ.

ಮನೆಗೆ ಬಂದು ಶೈಲಾಳಿಗೆ ಹಾನಗಲ್ಲಿನದೇ ಇರಲಿ ಎಂದೆ. ಖುಷಿಪಟ್ಟಳು. ಕಟ್ಟಿದವರು ಯಾರಪ್ಪಾ ಎಂದು ಕೇಳಿದಳು. ಬಾಯಿ ತಪ್ಪಿ ನಿನ್ನ ಹೆಸರು ಹೇಳಿದೆ. ಅವಳ ಮುಖ ಇಳಿಯಿತು. "ಅಕ್ಬರ ಕಾಕಾ ಕಟ್ಟಿದ್ದೇನು? ಹಂಗಾರ ಬ್ಯಾಡಪ್ಪಾ. ಬಂಕಾಪುರದಾಗ ಸೆಂಟ್ರಿಂಗ್ ಕಂಬ ಲಗೂನ ಬಿಚ್ಚಿ ಕಿಟಕಿ ಮ್ಯಾಲಿನ ಸಜ್ಜಾ ಬೀಳಿಸಿದವರು ಅವರ ಅಲ್ಲೇನು? ಸಣ್ಣ ಹುಡುಗ್ರು ಅದಾವ. ಶಿಗ್ಗಾಂವಿದ್ದ ತಗೋತೇವಿ," ಅಂದಳು. ಆ ಮನೆಯ ಬಿರುಕಿನ ಕಥೆ ಹೇಳಿದೆ. "ನಿನಗ ಎಲ್ಲಾರ ಮ್ಯಾಲೂ ಸಂಶೇ," ಎಂದು ನಕ್ಕುಬಿಟ್ಟಳು. ನಿಜವಾದ ಬಿರುಕು ತೋರಿಸಿದರೂ ನನ್ನ ಮಾತನ್ನು ನಂಬುವವರಿಲ್ಲ. ಬರುವ ಸೋಮವಾರ ಮುಂಗಡ ಕೊಡುತ್ತಾರಂತೆ.

ಬಂಕಾಪುರದಲ್ಲಿ ಅವತ್ತು ಯಾರು ಏನೆಂದರು, ಊರು ಏನು ತಿಳಿಯಿತು, ಅದೆಲ್ಲ ಹಳೆಯ ಮಾತು. ಸಜ್ಜಾ ಬಿದ್ದಾಗ ಕೆಳಗೆ ಯಾರೂ ಇರಲಿಲ್ಲ, ಅದು ದೊಡ್ಡದು. ಆಮೇಲೆ ಆ ಸುತ್ತಿನಲ್ಲಿ ನಿನ್ನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ, ನೀನು ಮಗಳ ಊರು ಮಾಸೂರಿಗೆ ಹೋದೆ. ಈಗ ನನ್ನದೊಂದು ಬೇಡಿಕೆ. ಶೈಲಾಳಿಗೆ ನೀನೇ ಎರಡು ಸಾಲು ಬರಿ. ಹಾನಗಲ್ಲಿನ ಮನೆಗೆ ಎಷ್ಟು ಸಿಮೆಂಟು ಹಾಕಿದೆ, ಎಷ್ಟು ದಿನ ನೀರು ಹೊಡೆದೆ, ಸೆಂಟ್ರಿಂಗ್ ಎಷ್ಟು ದಿನಕ್ಕೆ ಬಿಚ್ಚಿದೆ, ಎಲ್ಲ ಬರಿ. ನೀನು ಕೈಯಾರೆ ಬರೆದರೆ ಅವಳು ನಂಬುತ್ತಾಳೆ. ಮೊಮ್ಮಕ್ಕಳು ಎರೆಮಣ್ಣಿನ ಮೇಲೆ ಮಲಗುವುದು ತಪ್ಪುತ್ತದೆ.

ಖತೀಜಾಬಿ ವೈನಿಯವರಿಗೆ ನನ್ನ, ಅನ್ನವ್ವನ ನಮಸ್ಕಾರ ಹೇಳು. ಅವರ ಕೈಯ ಶೀರಕುರ್ಮಾ ತಿಂದು ಎಂಟು ಈದ್ ಆಯಿತು. ಫರ್ಜಾನಾಳಿಗೂ ಅವಳ ಮಕ್ಕಳಿಗೂ ನನ್ನ ಆಶೀರ್ವಾದ. ನಿನಗೆ ದೇವರು ಕೈಕಾಲು ಗಟ್ಟಿ ಇಟ್ಟಿರಲಿ, ಕಿವಿ ಹೋದರೆ ಹೋಗಲಿ.

ನಿನ್ನ ಹಳೆಯ ಜೋಡಿ,
ಫಕ್ಕೀರೇಶ

ತಾ.ಕ. ಮಂಗಳವಾರ ಮುಂಜಾನೆ. ಲಕೋಟೆ ಅಂಟಿಸುವ ಮೊದಲು ಬರೆದದ್ದನ್ನು ಓದಿಕೊಂಡೆ. ನಾನು ಮಾಡಿದ ಹೊಲಸಿನ ಮೇಲೆ ನಿನ್ನ ಕೈಯಿಂದಲೇ ಮಣ್ಣು ಮುಚ್ಚಿಸಲು ಹೊರಟಿದ್ದೆ. ಶೈಲಾಳಿಗೆ ನೀನು ಏನೂ ಬರೆಯಬೇಡ. ಈಗಷ್ಟೇ ಅವಳನ್ನು ಕರೆಸಿ, ಎದುರಿಗೆ ಕೂರಿಸಿಕೊಂಡು ಹೇಳಿದೆ.

ಬಂಕಾಪುರದ ಸೆಂಟ್ರಿಂಗ್ ಬಿಚ್ಚಿದವನು ನಾನು. "ಇಪ್ಪತ್ತೊಂದು ದಿನ ಮುಟ್ಟಬ್ಯಾಡ" ಎಂದು ಹೇಳಿ ನೀನು ವೈನಿಯ ತಮ್ಮನ ಮದುವೆಗೆ ಪರವೂರಿಗೆ ಹೋಗಿದ್ದೆ. ಇಲ್ಲಿ ನನ್ನ ಸ್ವಂತ ಮನೆಯ ಸ್ಲ್ಯಾಬು ಹಾಕುವ ದಿನ ಬಂದಿತ್ತು, ಸೆಂಟ್ರಿಂಗಿಗೆ ಆಸರೆ ಕೊಡುವ ಕಂಬ ಕಡಿಮೆ ಬಿದ್ದವು. ಒಂಬತ್ತನೇ ದಿನಕ್ಕೆ ಅಲ್ಲಿಯ ಕಂಬ ಕಿತ್ತು ಟ್ರ್ಯಾಕ್ಟರಿನಲ್ಲಿ ತಂದೆ. ಈ ಪತ್ರ ಬರೆಯುತ್ತಿರುವುದು ಅದೇ ಸ್ಲ್ಯಾಬಿನ ಕೆಳಗೆ ಕೂತು. ಹುಬ್ಬಳ್ಳಿಯಿಂದ ಬಂದ ಆ ಮನೆಯ ಮಾಲೀಕರು ಯಾರು ಬಿಚ್ಚಿದ್ದೆಂದು ಕೇಳಿದಾಗ ನಾನು ಸುಳ್ಳು ಹೇಳಲಿಲ್ಲ. "ಅಕ್ಬರಸಾಬನ್ನ ಕೇಳ್ರಿ" ಎಂದೆ, ಅಷ್ಟೇ. ಉಳಿದದ್ದನ್ನು ಊರು ತಾನೇ ಹೇಳಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅಂದಿನಿಂದ ಕಂಡವರ ಗೋಡೆಯನ್ನೆಲ್ಲ ತಟ್ಟುತ್ತ ತಿರುಗುತ್ತಿದ್ದೇನೆ.

ಅನ್ನವ್ವ ಒಳಗೆ ಎದ್ದು ಹೋದಳು, ಇನ್ನೂ ಹೊರಗೆ ಬಂದಿಲ್ಲ. ಶೈಲಾ ಹಾನಗಲ್ಲಿನ ಮನೆಯನ್ನೇ ಕೊಳ್ಳುತ್ತಾಳಂತೆ. ಆದರೆ ಹೋಗುವಾಗ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಕೇಳಿದಳು: "ಅಪ್ಪಾ, ಕಾಕಾಗ ಇದು ಗೊತ್ತೈತೇನು?"

ನೀನು ಮದುವೆಯಿಂದ ಬಂದು, ಬಿದ್ದ ಸಜ್ಜಾ ನೋಡಿದೆ, ನನ್ನ ಮುಖ ನೋಡಿದೆ. ಮಾಲೀಕರಿಗೆ ನೀನೇ "ನನ್ನ ಕೆಲಸ, ನನ್ನ ಜವಾಬ್ದಾರಿ" ಎಂದೆ. ಕರಣಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದೆ. "ನಾನು ಊರಲ್ಲಿರಲಿಲ್ಲ" ಎಂಬ ಒಂದು ಮಾತು ನಿನ್ನ ಬಾಯಿಂದ ಬರಲಿಲ್ಲ. ಎಂಟು ವರ್ಷ ಎಲ್ಲರ ಮೇಲೂ ಸಂಶಯಪಟ್ಟೆ, ನನಗಿದ್ದ ನಿಜವಾದ ಸಂಶಯ ಇದೊಂದೇ.

ಗೊತ್ತಿತ್ತೇ ಅಕ್ಬರಾ? ಗೊತ್ತಿದ್ದರೆ ಯಾಕೆ ಸುಮ್ಮನಿದ್ದೆ ಎಂದು ಬರಿ. ಗೊತ್ತಿಲ್ಲದಿದ್ದರೆ, ಈಗ ಗೊತ್ತಾಯಿತು.